ಐದನೆಯ ನಿಮಿಷ

ಬೆರಹಲೆಯ ಆರೋಗ್ಯ ಕೇಂದ್ರದಲ್ಲಿ ಆ ವಾರ ನನಗೆ ಕೊಟ್ಟದ್ದು
ಒಂದು ಗಡಿಯಾರ, ಆರು ಸಿರಿಂಜು, ಒಂದು ಐಸ್ ಪೆಟ್ಟಿಗೆ.
ಮೆಕೆಲೆಯಿಂದ ಬಂದ ಡಾಕ್ಟರು ಹೇಳಿದರು:
ತೆಗೆದ ರಕ್ತವನ್ನು ಕೂಡಲೇ ಮಂಜುಗಡ್ಡೆಯಲ್ಲಿಡು, ಅಬ್ರೆಹೆತ್,
ಈ ಹಾರ್ಮೋನು ಬಿಸಿಲಿಗೆ ನಿಲ್ಲುವುದಿಲ್ಲ.

ಬಿಸಿಲಿಗೆ ನಿಲ್ಲುವವನು ಎದುರಿಗೇ ಕೂತಿದ್ದ.
ಹುಮೆದ್, ಉಪ್ಪು ಕಡಿಯುವವನು,
ಎರಡು ದಿನ ಒಂಟೆಗಳ ಹಿಂದೆ ನಡೆದು ಬಂದವನು.
ರೆಪ್ಪೆಯಲ್ಲಿ ಉಪ್ಪು, ಹಿಮ್ಮಡಿಯ ಬಿರುಕಿನಲ್ಲಿ ಉಪ್ಪು.
ಸೀಸೆಯಲ್ಲಿ ಅವನು ಕೊಟ್ಟ ಮೂತ್ರ ನಾಲ್ಕು ಚಮಚ,
ತುಪ್ಪ ಕಾಯಿಸಿದ ಪಾತ್ರೆಯ ತಳದ ಬಣ್ಣ.

ಮಿದುಳಿನ ಕೆಳಗೆ, ಡಾಕ್ಟರು ಬೆರಳು ತೋರಿಸಿ ಹೇಳಿದರು,
ಬಟಾಣಿಯಷ್ಟು ಒಂದು ಗ್ರಂಥಿ ಕಾವಲು ಕೂತಿದೆ.
ರಕ್ತ ಉಪ್ಪಾದರೆ ಅದು ಹೇಳಿ ಕಳಿಸುತ್ತದೆ:
ಹೊರಟ ನೀರನ್ನು ಹೊಸ್ತಿಲಿಂದಲೇ ವಾಪಸು ಕರೆಯಿರಿ.
ಮೂತ್ರಪಿಂಡಗಳು ಎದುರಾಡುವುದಿಲ್ಲ.
ಹುಮೆದ್ ಕೇಳಿ ತಲೆಯಾಡಿಸಿದ.
ನಮ್ಮ ಬಾವಿಗೂ ಅಂಥವಳೊಬ್ಬಳಿದ್ದಾಳೆ ಎಂದ.

ಸೊನ್ನೆ ನಿಮಿಷ.
ತಣ್ಣನೆಯ ನೀರು, ಒಂದು ಲೀಟರು.
ಅವನು ಗಟಗಟ ಕುಡಿಯಲಿಲ್ಲ. ಮೊದಲು ತುಟಿ ಒದ್ದೆ ಮಾಡಿಕೊಂಡ,
ಆಮೇಲೆ ಕಣ್ಣು ಮುಚ್ಚಿದ.
ಗಂಟಲಮಣಿ ಏರಿತು, ಇಳಿಯಿತು,
ಏರಿತು.
ಐದನೆಯ ನಿಮಿಷಕ್ಕೆ ನಾನು ಸೂಜಿ ಚುಚ್ಚಿದೆ.

ಲೆಕ್ಕ ಬಂದದ್ದು ತಿಂಗಳುಗಳ ಮೇಲೆ, ಒಂದು ಲಕೋಟೆಯಲ್ಲಿ.
ಐದನೆಯ ನಿಮಿಷದಲ್ಲಿ ರಕ್ತದ ಉಪ್ಪು ಇದ್ದಷ್ಟೇ ಇತ್ತು.
ನೀರಿನ್ನೂ ಹೊಟ್ಟೆಯಲ್ಲೇ ಕುಲುಕುತ್ತಿತ್ತು.
ಆದರೂ ಹಾರ್ಮೋನು ಅರ್ಧಕ್ಕೆ ಇಳಿದಿತ್ತು.
ಯಾರು ಸುದ್ದಿ ಮುಟ್ಟಿಸಿದರು?
ಗಂಟಲು. ನುಂಗಿದೆ ಎಂದಿತಷ್ಟೇ,
ಕಾವಲುಗಾತಿ ಕಾಲು ಚಾಚಿ ಕೂತಳು.

ಮೂರನೆಯ ದಿನ ಲೋಟದಲ್ಲಿ ಉಪ್ಪುನೀರು.
ಮೊದಲೇ ತಿಳಿಸಿದ್ದೆವು, ಅವನು ಒಪ್ಪಿದ್ದ.
ಆದರೂ ಒಂದು ಗುಟುಕಿಗೆ ನನ್ನ ಮುಖ ನೋಡಿದ:
ಒಂಟೆಯ ಮೇಲೆ ಹೇರಿ ತಂದದ್ದನ್ನೇ
ಲೋಟಕ್ಕೆ ಹಾಕಿ ಕೊಡುತ್ತೀಯಲ್ಲ, ತಂಗಿ!
ಮುಖ ಹಿಂಡಿಕೊಂಡು ಕುಡಿದು ಮುಗಿಸಿದ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಉಪ್ಪನ್ನೇ ಕುಡಿದವನು?

ಲಕೋಟೆಯ ಎರಡನೆಯ ಹಾಳೆ:
ಐದನೆಯ ನಿಮಿಷ, ಹಾರ್ಮೋನು ಮತ್ತೆ ಇಳಿದಿದೆ.
ಹುಟ್ಟಿದಾಗಿನಿಂದ ಉಪ್ಪು ಬಲ್ಲ ನಾಲಗೆ ಅವನದು,
ಅದು ಮೋಸಹೋಗಿರಲಿಲ್ಲ.
ಒಳಗಿನವಳು ಹೋಗಿದ್ದಳು.
ಅರ್ಧ ಗಂಟೆ ಕಳೆದ ಮೇಲೆ ರಕ್ತ ಸತ್ಯ ಹೇಳಿದೆ,
ಗೆರೆ ಮೊದಲಿಗಿಂತ ಮೇಲೆ ಹತ್ತಿದೆ.

ಆ ಹಾಳೆಯನ್ನು ಓದುತ್ತಾ ಕೆಂಡದ ಮುಂದೆ ಕೂತಿದ್ದೆ.
ಗಡಿ ತೆರೆದ ವರ್ಷ, ಇಪ್ಪತ್ತು ವರ್ಷದ ಮೇಲೆ,
ಸೆನಾಫೆಯಿಂದ ಅಣ್ಣ ಕಿಫ್ಲೋಮನ ಫೋನು:
ನಾಳೆ ಹೊರಡುತ್ತೇನೆ.
ಅಷ್ಟಕ್ಕೇ ನಾನು ಕಾಫಿ ಬೀಜ ಹುರಿದೆ, ಬಟ್ಟಲು ತೊಳೆದೆ,
ಆ ರಾತ್ರಿ ಮಗುವಿನ ಹಾಗೆ ನಿದ್ದೆ ಹೋದೆ.
ಬಸ್ಸಿಲ್ಲ ಎಂದ, ಕಾಗದವಿಲ್ಲ ಎಂದ. ಗಡಿ ಮತ್ತೆ ಮುಚ್ಚಿತು.
ಬಟ್ಟಲು ಈಗಲೂ ಅಲ್ಲೇ ಬೋರಲಾಗಿದೆ.
ನನ್ನ ರಕ್ತವನ್ನು ಯಾರೂ ಐಸಿನಲ್ಲಿಟ್ಟಿರಲಿಲ್ಲ.

ಹುಮೆದನಿಗೆ ಆ ಸಂಜೆ ಬೇಕಾದಷ್ಟು ಸಿಹಿನೀರು ಕೊಟ್ಟೆವು.
ಕುಡಿದ. ಮತ್ತೆ ಕುಡಿದ. ಉಳಿದದ್ದನ್ನು ಒಂಟೆಗೆ ಕೊಡಲೇ ಎಂದು ಕೇಳಿದ,
ಒಂಟೆ ಮೂಸಿ ಮುಖ ತಿರುವಿತು.
ನಸುಕಿನಲ್ಲಿ ನನಗೆ ಎಚ್ಚರವಾಯಿತು:
ಗೋಡೆಯಾಚೆ ಕಲ್ಲಿನ ಮೇಲೆ
ಉದ್ದಕ್ಕೆ, ನಿಲ್ಲದೆ, ಒಂದು ಸದ್ದು.
ಜೊತೆಗೆ ಅವನ ನಗು: ಬಾವಿಯವಳು ಬೀಗ ತೆಗೆದಳು, ತಂಗಿ!

ಪ್ರಯೋಗ ಮುಗಿದಿತ್ತು. ಯಾರೂ ಕೇಳಿರಲಿಲ್ಲ.
ಆದರೂ ಗಡಿಯಾರ ನೋಡಿ ಬರೆದುಕೊಂಡೆ,
ನಾಲ್ಕು ಗಂಟೆ ಹನ್ನೆರಡು ನಿಮಿಷ.